ನಮ್ಮ "ಮರುಭೂಮಿ"ಯ ಗಿಡಗಳು

ಪೋಸ್ಟ್ 1

ಹೋದ ಏಪ್ರಿಲ್‌ನಾಗ ನಮ್ಮೂರ ಗಾಯರಾಣದ ಒಂದು ಫೋಟೋ ಹಾಕಿದ್ದೆ, ನೆನಪದಾ? ಔರಾದ್ ತಾಲೂಕು, ಸುಡು ಮಧ್ಯಾಹ್ನ, ಒಣಗಿದ ಹುಲ್ಲು, ನಡುವ ಒಂದೇ ಒಂದು ಮುಳ್ಳಿನ ಗಿಡ. ಕೆಳಗ ಬಂದ ಮೊದಲ ಕಮೆಂಟ್: "ಅಕ್ಕಾ, ಇದು ರಾಜಸ್ಥಾನಾ?" ಎರಡನೇದು: "ಬೀದರ್ ಅಂದ್ರ ಮರುಭೂಮಿನೇ ಬಿಡ್ರಿ." ಅದಕ್ಕ ನಮ್ಮ ಕ್ಲಾಸಿನವರೇ ನಗೋ ಇಮೋಜಿ ಒತ್ತಿದ್ರು. ಹೆಸರು ಹೇಳಲ್ಲ, ನಿಮಗೇ ಗೊತ್ತು.

ಮೊದಲು ಲೆಕ್ಕ ನೋಡ್ರಿ. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 850 ಮಿಲಿಮೀಟರ್ ಮಳೆ ಬೀಳುತ್ತದೆ. ಇದು ಚಿತ್ರದುರ್ಗ, ಬಳ್ಳಾರಿಗಿಂತ ಜಾಸ್ತಿ. ಅಂದ್ರ ನಮ್ಮದು ಮರುಭೂಮಿ ಅಲ್ಲ, ಮಂದಿ ತಲಿಯೊಳಗ ಇರೋ ಮರುಭೂಮಿ. ತೊಂದರೆ ಏನಂದ್ರ, ಆ ಮಳೆಯೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ದೊಳಗ ಬಂದು ಮುಗಿದುಹೋಗ್ತದ. ಉಳಿದ ಎಂಟು ತಿಂಗಳು ಗಿಡ, ದನ, ಮಂದಿ ಎಲ್ಲಾರೂ ಅದರ ಮ್ಯಾಲೇ ದಿನ ತಳ್ಳಬೇಕು. ಒಂದು ವರ್ಷ ಮಳಿ ಕೈಕೊಟ್ರ ಮುಂದಿನ ಕಥಿ ಬ್ಯಾರೆ.

ಇನ್ನೊಂದು ಶಬ್ದ ಅದ, "ಬಂಜರ". ನಿಜಾಮರ ಕಾಲದ ಕಂದಾಯದ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಸಾಗುವಳಿ ಇಲ್ಲದ ನೆಲವನ್ನು ಅವರು ಬಂಜರ್ ಅಂತ ಬರೆದರು. ಸರಕಾರಕ್ಕ ಕಂದಾಯ ಕೊಡದ ನೆಲ ಅಂದ್ರ ಏನೂ ಕೊಡದ ನೆಲ ಅಂತ ಅರ್ಥ ಆಗೋಯ್ತು. ನಾವೂ ಅದೇ ಶಬ್ದ ಹಿಡಕೊಂಡು ಕೂತೀವಿ.

ಈ ಸರಣಿಯೊಳಗ ನಾನು ಹೇಳಬೇಕಂತ ಇರೋದು ಇಷ್ಟೇ. ಆ ನೆಲ ಖಾಲಿ ಇರಲಿಲ್ಲ. ಬೀದರ್ ಪಟ್ಟಣದ ಕಸುಬು, ಭಾಲ್ಕಿ ಕಡೆಯ ಹಬ್ಬ, ಔರಾದ್ ಕಡೆಯ ಬರಗಾಲ, ಮೂರರ ಇತಿಹಾಸದೊಳಗೂ ಈ "ಕೆಲಸಕ್ಕ ಬಾರದ" ಗಿಡ ಅವ. ಪುಸ್ತಕದೊಳಗ ಅವುಗಳ ಹೆಸರು ಕಡಿಮೆ, ಅಷ್ಟೇ.

ಪೋಸ್ಟ್ 2

ಫೋಟೋದಾಗ ಕಾಣೋದು ನೌಬಾದಿನ ಕರೇಜ್ ಬಾವಿ. ಸುರಂಗ ಬಾವಿ ಅಂತಲೂ ಕರೀತಾರ. ಮ್ಯಾಲಿಂದ ನೋಡಿದ್ರ ಸುಮ್ಮನೆ ಒಂದು ಬಾವಿ, ಆದ್ರ ಕೆಳಗ ಒಂದಕ್ಕೊಂದು ಸುರಂಗದಿಂದ ಜೋಡಿಸಿದ ಬಾವಿಗಳ ಸಾಲೇ ಅದ. ಬಹಮನಿ ಕಾಲದ ಕೆಲಸ.

ಗಿಡದ ಕಥಿಯೊಳಗ ಬಾವಿ ಯಾಕ ಬಂತು ಅಂತ ಕೇಳಬ್ಯಾಡ್ರಿ, ಹೇಳ್ತೀನಿ. ಬೀದರ್ ಪಟ್ಟಣ ಕೂತಿರೋದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಕೆಂಪು, ತೂತು ತೂತಾದ ಕಲ್ಲು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರ ಮುಟ್ಟಿ, ಅಲ್ಲಿಂದ ಪಕ್ಕಕ್ಕೆ ಹರಿದು ಅಂಚಿನಲ್ಲಿ ಒಸರುತ್ತದೆ. ನರಸಿಂಹ ಝರಾ, ಪಾಪನಾಶ, ಗುರುನಾನಕ್ ಝರಾ ಎಲ್ಲ ಹಾಂಗ ಹುಟ್ಟಿದ ಒಸರು. ಮೇಲ್ಮೈ ಒಣ, ಒಡಲು ಹಸಿ. ಇದನ್ನ ಚಂದಾಗಿ ತಿಳಕೊಂಡವರು ಖರೇ ಮರುಭೂಮಿಯಿಂದ ಬಂದ ಮಂದಿ. 15ನೇ ಶತಮಾನದ ಮೊದಲ ಭಾಗದಲ್ಲಿ ಅಹ್ಮದ್ ಶಾ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕಿರ್ಮಾನ್ ಪ್ರಾಂತ್ಯದ ಸೂಫಿ ಸಂತ ಶಾ ನಿಯಾಮತುಲ್ಲಾ ಅವರ ಮನೆತನದವರನ್ನು ಕರೆಸಿಕೊಂಡ. ಅಷ್ಟೂರಿಗೆ ಹೋಗೋ ದಾರಿಯಾಗ ಚೌಖಂಡಿ ಅಂತ ಎಂಟು ಮೂಲಿ ಕಟ್ಟಡ ನೋಡೀರಲ್ಲ, ಅದು ಆ ಮನೆತನದ ಖಲೀಲುಲ್ಲಾ ಅವರ ಸಮಾಧಿ. ಕಿರ್ಮಾನ್ ಇರೋದೇ ಮರುಭೂಮಿಯ ಮಗ್ಗುಲಲ್ಲಿ. ನೆಲದಡಿಯ ಕಾಲುವೆಯಿಂದ ನೀರು ತರೋದು ಆ ನಾಡಿನವರಿಗೆ ರೂಢಿ.

ಗಿಡಗಳೂ ಅದೇ ಉಪಾಯ ಮಾಡ್ತಾವ. ಬನ್ನಿ ಗಿಡ ತನ್ನ ಬೇರನ್ನ ಹತ್ತಾರು ಮೀಟರ್ ಕೆಳಗ ಇಳಿಸ್ತದ. ಅದಕ್ಕೇ ಕೆಟ್ಟ ಬ್ಯಾಸಗಿಯೊಳಗ, ಬಾಕಿ ಎಲ್ಲ ಬೋಳಾದಾಗ ಅದು ಹೊಸ ತಪ್ಪಲ ಬಿಡ್ತದ. ಒಂದು ರೀತಿಯಿಂದ ಅದೂ ಕರೇಜೇ.

ಬೀದರ್ ಪಟ್ಟಣ ಅಂದಮ್ಯಾಲ ಬಿದ್ರಿ ಬಿಡಂಗಿಲ್ಲ. ಎಲ್ಲಾರೂ ಸತು, ತಾಮ್ರ, ಬೆಳ್ಳಿ ತಂತಿ, ಕ್ವಾಟಿ ಮಣ್ಣು ಅಂತ ರೀಲ್ಸ್ ಮಾಡ್ತಾರ. ಎರಕದ ಅಚ್ಚಿನ ಮಣ್ಣು ಮೆತ್ತಗಾಗೋದು ಯಾತರಿಂದ ಅಂತ ಯಾರೂ ಕೇಳಲ್ಲ. ಔಡಲೆಣ್ಣಿ ಮತ್ತ ರಾಳ! ಹಿತ್ತಲದಾಗ, ತಿಪ್ಪಿ ಪಕ್ಕ ತಾನೇ ಬೆಳೆಯೋ ಔಡಲ ಗಿಡದ ಬೀಜದ ಎಣ್ಣಿ. ದೀಪಕ್ಕ, ಬಂಡಿ ಗಾಲಿಯ ಅಚ್ಚಿಗೆ, ಕೂಸಿನ ನೆತ್ತಿಗೆ, ಕೊನೆಗೆ ಸುಲ್ತಾನರ ಹುಕ್ಕಾದ ಅಚ್ಚಿಗೂ ಅದೇ. ಮ್ಯೂಸಿಯಂನಾಗ ಬೆಳ್ಳಿ ಹೂಬಳ್ಳಿ ಕಾಣ್ತದ, ಔಡಲ ಕಾಣಂಗಿಲ್ಲ.

ಪೋಸ್ಟ್ 3

ಈಗ ಬರಗಾಲ. ಸ್ವಲ್ಪ ಉದ್ದ ಅದ, ಸೇವ್ ಮಾಡಿಕೊಂಡು ಓದ್ರಿ.

ದಖ್ಖನಿನ ಹಳೆಯ ಬರಗಳಲ್ಲಿ ಭಯಂಕರವಾದದ್ದು ದುರ್ಗಾದೇವಿ ಬರ. 1396ರ ಸುಮಾರಿಗೆ ಶುರುವಾಗಿ ಹನ್ನೆರಡು ವರ್ಷ ಇತ್ತು ಎಂದು ಹೇಳುತ್ತಾರೆ. ಆ ಕಾಲದ ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಶಾ ಸಾವಿರಾರು ಎತ್ತುಗಳನ್ನು ಕಟ್ಟಿಸಿ ಮಾಳ್ವ, ಗುಜರಾತ್ ಕಡೆಯಿಂದ ಧಾನ್ಯ ತರಿಸಿದ, ಅನಾಥ ಮಕ್ಕಳಿಗೆ ಶಾಲೆ ತೆರೆಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ಎರಡನೇದು ದಾಮಾಜಿ ಪಂತರ ಬರ, 1460ರ ಆಸುಪಾಸಿನದು. ಈ ಕಥಿ ನಿಮ್ಮ ಮನ್ಯಾಗ ಹಿರಿಯರಿಗೆ ಗೊತ್ತಿರ್ತದ. ಮಂಗಳವೇಢೆಯಲ್ಲಿ ಬೀದರ್ ಬಾದಶಹನ ಅಧಿಕಾರಿಯಾಗಿದ್ದ ದಾಮಾಜಿ ಹಸಿದ ಜನ ನೋಡಲಾರದೆ ಸರಕಾರಿ ಕಣಜ ತೆಗೆದುಬಿಟ್ಟ. ಬಾದಶಹ ಹಿಡಿದು ತರಲು ಆಳು ಕಳಿಸಿದ. ಅಷ್ಟರಲ್ಲಿ ಪಂಢರಪುರದ ವಿಠ್ಠಲನೇ ವಿಠೂ ಎಂಬ ಆಳಿನ ವೇಷದಲ್ಲಿ ಬೀದರಿಗೆ ಬಂದು, ಕಣಜದ ಲೆಕ್ಕದ ಹೊನ್ನು ಸುರಿದು, ರಸೀದಿ ಬರೆಸಿಕೊಂಡು ಹೋದ. ಭಕ್ತಿಯ ಕಥಿ ಇದು, ದಾಖಲೆ ಅಲ್ಲ. ಆದ್ರ ನಮ್ಮ ಬೀದರ್ ದರ್ಬಾರಿಗೆ ದೇವರು ಬಂದು ಬಾಕಿ ಚುಕ್ತಾ ಮಾಡಿದ ಕಥಿ ಅಂದ್ರ ನನಗ ಈಗಲೂ ಭಾಳ ಪ್ರೀತಿ.

ಎರಡೂ ಕಥಿಯೊಳಗ ಏನದ ನೋಡ್ರಿ. ಎತ್ತು, ಕಣಜ, ಸುಲ್ತಾನ, ದೇವರು. ಎತ್ತಿನ ಸಾಲು ಮಾಳ್ವದಿಂದ ಬರೋತನಕ ಮಂದಿ ಏನು ತಿಂದ್ರು? ಕಣಜದ ಬಾಗಿಲು ತೆರೆಯೋ ಮುಂಚಿನ ತಿಂಗಳು? ಅದನ್ನ ಯಾರೂ ಬರೆದಿಲ್ಲ.

ಬರೆದದ್ದು ಸಿಗೋದು ಭಾಳ ತಡವಾಗಿ. 1876ರಿಂದ 78ರ ಮಹಾ ಬರದಲ್ಲಿ ದಕ್ಷಿಣದ ಮಂದಿ ನೆಗ್ಗಿನ ಮುಳ್ಳಿನ ಕಾಯಿಯನ್ನು ಬೀಸಿ ಹಿಟ್ಟು ಮಾಡಿ ತಿಂದರು ಎಂದು ಬ್ರಿಟಿಷರ ಕಾಲದ ಸಸ್ಯ ದಾಖಲೆಗಳು ಹೇಳುತ್ತವೆ. ನೆಗ್ಗಿನ ಮುಳ್ಳು ಗೊತ್ತಲ್ಲ? ನೆಲಕ್ಕ ಹರಡಿಕೊಂಡು ಹಳದಿ ಹೂ ಬಿಡ್ತದ, ಸೈಕಲ್ ಟಯರ್ ಪಂಕ್ಚರ್ ಮಾಡ್ತದ, ಬರಿಗಾಲಿಗೆ ಚುಚ್ಚಿದ್ರ ಕಣ್ಣಾಗ ನೀರು ಬರ್ತದ. ಹಿಂದಿ ಮಂದಿ ಗೋಖರು ಅಂತಾರ, ಔಷಧಿ ಅಂಗಡಿಯಾಗ ಪುಡಿ ಮಾರ್ತಾರ. ಅದನ್ನ ಬೀಸೋ ಕಲ್ಲಿಗೆ ಹಾಕಿದ ಕೈ ಯಾರದೋ. ಹೆಣ್ಣುಮಗಳದ್ದೇ ಇರ್ಬೇಕು.

ಪೋಸ್ಟ್ 4

ಇನ್ನೂ ಹಿಂದಕ್ಕ ಹೋಗೋಣ. 12ನೇ ಶತಮಾನ, ಕಲ್ಯಾಣ. ಭಾಲ್ಕಿಯಿಂದ ಬಸವಕಲ್ಯಾಣ ದೂರ ಏನಿಲ್ಲ, ನಮ್ಮದೇ ಜಿಲ್ಲೆ.

ಪರೀಕ್ಷೆಗೆ ನಾವು ಶರಣರ ಹೆಸರು ಬಾಯಿಪಾಠ ಮಾಡ್ತೀವಿ. ಅವರ ಕಾಯಕದೊಳಗ ಎಷ್ಟು ಗಿಡ ಅವ ಅಂತ ನಾನು ನೋಡಿದ್ದೇ ಹೋದ ವರ್ಷ. ಮೋಳಿಗೆ ಮಾರಯ್ಯ ಅಡವಿಯಿಂದ ಕಟ್ಟಿಗೆ ಹೊರೆ ತಂದು ಮಾರುತ್ತಿದ್ದ, ಮೋಳಿಗೆ ಅಂದ್ರ ಕಟ್ಟಿಗೆ ಹೊರೆ. ನುಲಿಯ ಚಂದಯ್ಯ ಕೆರೆಯಂಚಿನ ಹುಲ್ಲು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ ಬಂದದ್ದರಲ್ಲಿ ದಾಸೋಹ ಮಾಡುತ್ತಿದ್ದ. ತುರುಗಾಹಿ ರಾಮಣ್ಣ ದನ ಕಾಯುತ್ತಿದ್ದ. ಡೋಹರ ಕಕ್ಕಯ್ಯ ಚರ್ಮ ಹದ ಮಾಡುತ್ತಿದ್ದ. ಈ ನಾಲ್ಕು ಮಂದಿಯ ಕಚ್ಚಾ ಮಾಲು ಯಾರ ಹೊಲದಾಗೂ ಬಿತ್ತಿದ ಬೆಳಿ ಅಲ್ಲ. ಅಡವಿ, ಕೆರಿ ದಂಡಿ, ಹುಲ್ಲುಗಾವಲು. ಸಾಲಿ ಪುಸ್ತಕದಾಗ ಅನುಭವ ಮಂಟಪ ಅದ, ಆ ಮಂಟಪದ ದಾಸೋಹಕ್ಕ ದುಡಿದ ಹುಲ್ಲಿನ ಫೋಟೋ ಇಲ್ಲ.

ಚರ್ಮದ ಮಾತು ಬಂತು, ತಂಗಡಿ ಹೇಳಲೇಬೇಕು. ಹಳದಿ ಹೂವಿನ ಪೊದಿ, ಹಳ್ಳಿ ರಸ್ತಿ ಬದಿಗೆಲ್ಲ ಇರ್ತದ. ಆವರಿಕೆ ಅಂತ ಪುಸ್ತಕದ ಹೆಸರು, ಮರಾಠಿಯಲ್ಲಿ ತರವಡ. ಇದನ್ನ ಆಡು ಮುಟ್ಟಂಗಿಲ್ಲ, ಅದಕ್ಕೇ ಉಳಕೊಂಡದ. ಹಸಿ ತೊಗಲು ಕೊಳೀದಂಗ ಚರ್ಮ ಆಗಬೇಕಾದ್ರ ಒಗರು ತೊಗಟಿ ಬೇಕು. ದಖ್ಖನಿನಲ್ಲಿ ಚರ್ಮ ಹದ ಮಾಡುವವರು ನಂಬಿದ್ದು ಎರಡು ತೊಗಟೆ, ಕರಿಜಾಲಿಯದು ಮತ್ತು ತಂಗಡಿಯದು. 19ನೇ ಶತಮಾನದಲ್ಲಿ ಮದ್ರಾಸಿನಿಂದ ಹಡಗು ಹತ್ತಿ ವಿಲಾಯತಿಗೆ ಹೋದ ಹದ ಮಾಡಿದ ಚರ್ಮದ ಹಿಂದೆ ಇದ್ದದ್ದೂ ತಂಗಡಿ ತೊಗಟೆಯೇ. 20ನೇ ಶತಮಾನದಲ್ಲಿ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆ ಬಂತು, ಆಮೇಲೆ ಕ್ರೋಮ್ ರಾಸಾಯನಿಕ ಬಂತು, ತಂಗಡಿ ಮತ್ತ ರಸ್ತಿ ಬದಿಗೆ ಬಂತು.

ಹೊಲದ ಹಲಗಿ, ಚಾಟಿ, ಚಪ್ಪಲಿ, ಬಾವಿ ನೀರೆತ್ತೋ ಮೊಟ್ಟೆಯ ತೊಗಲು, ಎಲ್ಲದಕ್ಕೂ ಈ ಎರಡು ತೊಗಟಿ. ಆ ಕೆಲಸ ಮಾಡಿದವರನ್ನ ಮಾತ್ರ ಊರ ಹೊರಗ ಇಟ್ರು. ಗಿಡದ ಇತಿಹಾಸ ಬರೀಲಿಕ್ಕೆ ಕೂತ್ರ ಜಾತಿಯ ಇತಿಹಾಸ ತಾನೇ ಬಂದು ಪಕ್ಕದಾಗ ಕೂತ್ಕೋತದ.

ಪೋಸ್ಟ್ 5

ಭಾಲ್ಕಿ ದೋಸ್ತರೇ, ಇದು ನಿಮಗ.

ಎಳ್ಳ ಅಮಾಸಿ ದಿನ ಹೊಲದಾಗ ಜೋಳದ ದಂಟಿನ ಗುಡಿಸಲು ಕಟ್ಟಿ, ಒಳಗ ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜಿ ಮಾಡಿ, ಆಮ್ಯಾಲ ಊಟಕ್ಕ ಕೂಡ್ತೀವಲ್ಲ. ಸಜ್ಜಿ ರೊಟ್ಟಿ, ಹುಳಿ ಅಂಬಲಿ, ಮತ್ತ ಭಜ್ಜಿ. ಬೆಂಗಳೂರಿನವರಿಗೆ ಹೇಳ್ರಿ, ಇದು ಎಣ್ಣಿಯಾಗ ಕರಿಯೋ ಬಜ್ಜಿ ಅಲ್ಲ. ಹಸಿ ತೊಗರಿ, ಹಸಿ ಕಡ್ಲಿ, ಅವರೆ, ಶೇಂಗಾ, ಉಳ್ಳಾಗಡ್ಡಿ ತಪ್ಪಲ, ಮೆಂತೆ, ಆ ವಾರ ಹೊಲದಾಗ ಏನೇನು ಹಸಿರು ಕಣ್ಣಿಗೆ ಬಿತ್ತೋ ಅದೆಲ್ಲ ಹಾಕಿ, ಕಡ್ಲಿ ಹಿಟ್ಟು ಕಲಸಿ, ಹುಳಿ ಬಿಟ್ಟು ಕುದಿಸಿದ್ದು. ಊರಿಗೂರಿಗೆ, ಮನಿಮನಿಗೆ ಪಟ್ಟಿ ಬ್ಯಾರೆ.

ಆ ಪಾತ್ರೆ ಒಂದು ದಾಖಲೆ ಅಂತ ನನಗ ಅನಸ್ತದ. ಒಂದು ಹೊಲದಾಗ ಒಂದೇ ಬೆಳಿ ಇದ್ದಿದ್ರ ಭಜ್ಜಿ ಹುಟ್ಟತಿರಲಿಲ್ಲ. ಭಾಲ್ಕಿ ಕಡೆಯ ಕರಿ ಎರಿ ನೆಲದಾಗ ಜೋಳದ ಸಾಲಿನ ನಡುವ ತೊಗರಿ, ಉದ್ದು, ಹೆಸರು, ಅಂಚಿಗೆ ಪುಂಡಿ, ಹಿಂಗಾರಿಯಲ್ಲಿ ಸುತ್ತಲೂ ಕುಸುಬಿ. ಕುಸುಬಿ ಅಲ್ಲಿ ಬೇಲಿಯ ಕೆಲಸ ಮಾಡ್ತದ. ಬಲಿತ ಮ್ಯಾಲ ಮುಳ್ಳು, ದನ ಒಳಗ ಬರಂಗಿಲ್ಲ. ಎಳೇದಿದ್ದಾಗ ಪಲ್ಯ, ಬೀಜದಿಂದ ಎಣ್ಣಿ, ಹೂವಿನ ಎಸಳಿನಿಂದ ಬಣ್ಣ. ಪ್ರಾಚೀನ ಈಜಿಪ್ಟಿನವರು ಬಟ್ಟೆಗೆ ಕಟ್ಟಿದ ಬಣ್ಣಗಳಲ್ಲಿ ಕುಸುಬಿಯದೂ ಒಂದು. ಪಿರಮಿಡ್ ಮಂದಿಗೂ ನಮಗೂ ಒಂದೇ ಮುಳ್ಳು.

ಪುಂಡಿನೂ ಹಾಂಗೇ. ತಪ್ಪಲ ಕಿತ್ತರೆ ಹುಳಿ ಪಲ್ಯ, ಕಡ್ಡಿ ನೀರಿನೊಳಗ ಕೊಳೆಹಾಕಿದ್ರ ನಾರು, ನಾರು ಹೊಸದ್ರ ಎತ್ತಿನ ಹಗ್ಗ. ದೇವಣಿ ಎತ್ತು ಕಟ್ಟಿದ ಹಗ್ಗ ಮತ್ತ ನಮ್ಮ ತಾಟಿನಾಗಿನ ಪಲ್ಯ ಒಂದೇ ಗಿಡದ್ದು. ನೈಲಾನ್ ಹಗ್ಗ ಬಂದಮ್ಯಾಲ ಅರ್ಧ ಪುಂಡಿ ಹೋತು, ಪಲ್ಯ ಉಳೀತು.

ಈಗ ನಮ್ಮ ಜಿಲ್ಲಿ ಸೋಯಾಬೀನ್‌ಗೆ ಹೆಸರುವಾಸಿ. ರೊಕ್ಕ ಬರ್ತದ, ನಾನು ಬೈಯಂಗಿಲ್ಲ, ನನ್ನ ಕಾಲೇಜ್ ಫೀನೂ ಅದರಿಂದಲೇ ಕಟ್ಟಿದ್ದು. ಆದ್ರ ಎಳ್ಳ ಅಮಾಸಿಗೆ ಹಸಿ ಕಾಳು ಭಾಲ್ಕಿ ಸಂತಿಯಾಗ ಕೊಂಡು ತಂದು ಹೊಲದಾಗ ಕೂತು ತಿಂದ್ವಿ. ಅದೊಂದು ಸ್ವಲ್ಪ ವಿಚಿತ್ರ ಅನಿಸ್ತು.

ಪೋಸ್ಟ್ 6

ಶಿಂದಿ ಗಿಡ. ಈಚಲ ಮರ. ಖರ್ಜೂರದ ಹತ್ತಿರದ ಸಂಬಂಧಿ, ಹಳ್ಳದ ದಂಡಿಗೆ ನೆಟ್ಟಗ ನಿಂತಿರ್ತದ. ಗರಿಯಿಂದ ಕಸಬರಗಿ, ಚಾಪಿ. ಕಾಯಿ ಹುಡುಗರಿಗೆ. ರಸದಿಂದ ಶಿಂದಿ.

ಈ ಮರದ ಮ್ಯಾಲ ಒಮ್ಮೆ ಕೊಡಲಿ ಬಿದ್ದಿತ್ತು, ದೇಶದ ಸಲುವಾಗಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತ ಸೇರಲಿಲ್ಲ. ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಚಳವಳಿ ನಡೆಸಿತು. ಸ್ವಾಮಿಗಳು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಆ ಚಳವಳಿಯ ಒಂದು ಕಾರ್ಯಕ್ರಮ ಶಿಂದಿ ಮರ ಕಡಿಯುವುದು. ಕಾರಣ ಸರಳ: ಅಬಕಾರಿ ನಿಜಾಮರ ಬೊಕ್ಕಸದ ದೊಡ್ಡ ಆದಾಯ, ಮರ ಬಿದ್ದರೆ ಆದಾಯಕ್ಕೆ ಪೆಟ್ಟು. ಹೀಂಗ ಕರನಿರಾಕರಣೆಯೊಳಗ ಒಂದು ಕಾಡುಮರ ನಿಜಾಮರ ಪಕ್ಷ ಅಂತ ಲೆಕ್ಕಕ್ಕ ಬಂತು. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ವಿಲೀನ ಆಯ್ತು. ಹೋರಾಟಗಾರರ ಬಗ್ಗೆ ನನಗ ಪೂರ್ತಿ ಗೌರವ ಅದ. ಆದ್ರೂ ಆ ಮರದ ಗರಿಯಿಂದ ಕಸಬರಗಿ ಕಟ್ಟಿ ಹೊಟ್ಟಿ ಹೊರಕೊಳ್ತಿದ್ದವರು ಆ ವರ್ಷ ಏನು ಮಾಡಿರಬಹುದು ಅನ್ನೋ ಪ್ರಶ್ನಿ ತಲಿಯಿಂದ ಹೋಗವಲ್ದು.

ಪೋಸ್ಟ್ 7

ಈಗ ಮೊದಲ ಫೋಟೋಕ್ಕ ವಾಪಸ್ ಬರ್ರಿ. ಗಾಯರಾಣದ ನಡುವ ನಿಂತ ಆ ಮುಳ್ಳಿನ ಗಿಡ ಯಾವುದು? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಬನ್ನಿ.

"ರಾಜಸ್ಥಾನಾ?" ಅಂತ ಕೇಳಿದವರೇ, ನಿಮಗ ಅರ್ಧ ಮಾರ್ಕು. ರಾಜಸ್ಥಾನದ ಖೇಜ್ಡಿ ಮತ್ತ ನಮ್ಮ ಬನ್ನಿ ಒಂದೇ ಗಿಡ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಊರಲ್ಲಿ ಅರಸನ ಆಳುಗಳು ಈ ಮರ ಕಡಿಯಲು ಬಂದಾಗ ಅಮೃತಾದೇವಿ ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು, ಅವರ ಹಿಂದೆ ಒಟ್ಟು 363 ಬಿಷ್ಣೋಯಿ ಜನ ಸತ್ತರು ಎಂದು ಆ ಸಮುದಾಯ ಇಂದಿಗೂ ನೆನೆಯುತ್ತದೆ. ಬರಗಾಲದಲ್ಲಿ ಅಲ್ಲಿಯ ಮಂದಿ ಇದರ ತೊಗಟೆಯನ್ನೇ ಬೀಸಿ ರೊಟ್ಟಿ ತಟ್ಟಿದ್ದುಂಟು. ಕಾಯಿ ಒಣಗಿಸಿದ್ದು ಸಾಂಗ್ರಿ, ಈಗ ದೊಡ್ಡ ಹೋಟೆಲಿನಾಗ ತುಟ್ಟಿ ಪಲ್ಯ. ದುಬೈ ಕಡೆ ಇದ್ದ ನಮ್ಮ ಮಂದೀನ ಕೇಳ್ರಿ: ಅಲ್ಲಿ ಇದರ ಹೆಸರು ಗಾಫ್, ಆ ದೇಶದ ರಾಷ್ಟ್ರೀಯ ಮರ.

ಅಷ್ಟು ದೂರನೂ ಬ್ಯಾಡ. ಜಹೀರಾಬಾದ್‌ಗೆ ಹೋಗ್ರಿ, ಬೀದರಿಂದ ಒಂದು ತಾಸಿನ ಬಸ್. 1956ರ ನವೆಂಬರ್ 1ರವರೆಗೆ ಅದು ನಮ್ಮ ಬೀದರ್ ಜಿಲ್ಲೆಯೇ. ಅಂದು ಜಿಲ್ಲೆ ಮೂರು ತುಂಡಾಯಿತು. ಉದಗೀರ, ಅಹಮದಪುರ, ನಿಲಂಗಾ ಮರಾಠಿ ಕಡೆಗೆ ಹೋದವು, ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಗಡಿ ಭಾಷೆ ನೋಡಿ ಎಳೆದರು, ಗಿಡ ನೋಡಿ ಅಲ್ಲ. 2014ರಲ್ಲಿ ತೆಲಂಗಾಣ ರಾಜ್ಯ ಆದಾಗ ರಾಜ್ಯದ ಮರ ಯಾವುದು ಮಾಡಿದ್ರು ಗೊತ್ತಾ? ಜಮ್ಮಿ, ಅಂದ್ರ ಬನ್ನಿ. ರಾಜ್ಯದ ಹೂವು? ತಂಗೇಡು, ಅಂದ್ರ ನಮ್ಮ ರಸ್ತಿ ಬದಿಯ ತಂಗಡಿ. ಬತುಕಮ್ಮ ಹಬ್ಬಕ್ಕ ಅವರು ಅದೇ ಹೂವನ್ನ ತಾಟಿನಾಗ ಗೋಪುರ ಕಟ್ಟಿ ಕುಣೀತಾರ. ಗಡಿಯ ಆ ಕಡೆ ರಾಜ್ಯದ ಗೌರವ, ಈ ಕಡೆ "ಅದೇನೋ ಹಳದಿ ಹೂ".

ನಾವು ಬನ್ನಿಯನ್ನ ನೆನೆಯೋದು ವರ್ಷಕ್ಕ ಒಂದು ದಿನ, ದಸರೆಯ ಸಂಜಿ. ಎಲಿ ಕೊಟ್ಟು ಬಂಗಾರದಂಗ ಇರೋಣ ಅಂತೀವಿ, ಹಿರಿಯರ ಕಾಲು ಮುಟ್ತೀವಿ. ಔರಾದ್ ಕಡೆ ಮರಾಠಿ ಮನಿಗಳಾಗ ಆಪಟಾ ಎಲಿ ಕೊಡ್ತಾರ, ಜೋಡಿ ಹಾಳಿಯಂಗ ಇರ್ತದಲ್ಲ, ಅದು. ಅದೇ ಎಲಿಯಾಗ ಬೀಡಿನೂ ಸುತ್ತಾರ! ಅವತ್ತು ಎರಡೂ ಗಿಡದ ಟೊಂಗಿ ಟೊಂಗಿನೇ ಮುರೀತಾರ. ಬಂಗಾರ ಅಂತ ಕರೆದು ಇಷ್ಟು ಬೋಳು ಮಾಡೋದನ್ನ ಬ್ಯಾರೆ ಎಲ್ಲೂ ನೋಡಿಲ್ಲ.

ಪೋಸ್ಟ್ 8

"ಹಂಗಾದ್ರ ಸೀತಾಫಲ ನಮ್ಮದಾ? ಪಾಪಾಸಕಳ್ಳಿ?" ಅಂತ ಇಬ್ಬರು ಡಿಎಂ ಮಾಡಿದ್ರಿ.

ಎರಡೂ ಹೊರಗಿನವು. ಅಮೆರಿಕ ಖಂಡದಿಂದ ಯುರೋಪಿನವರ ಹಡಗಿನಲ್ಲಿ ಬಂದವು. ಸೀತೆಯ ಹೆಸರು ಇಟ್ಟುಕೊಂಡು ಸೀತಾಫಲ ಗುಡ್ಡದಾಗ ಎಷ್ಟು ಚಂದ ಹೊಂದಿಕೊಂಡದ ಅಂದ್ರ, ಯಾರಿಗೂ ಅನುಮಾನ ಬರಂಗಿಲ್ಲ. ಪಾಪಾಸಕಳ್ಳಿ ಬೇಲಿಗೆ ಬಂದು ಊರನ್ನೇ ನುಂಗುವಷ್ಟು ಹಬ್ಬಿತ್ತು. ಬರ ಬಂದಾಗ ಮುಳ್ಳು ಸುಟ್ಟು ದನಗಳಿಗೆ ಹಾಕುತ್ತಿದ್ದರು. 1926ರಲ್ಲಿ ಸಿಲೋನಿನಿಂದ ಒಂದು ಸಣ್ಣ ಹುಳ ತಂದು ಬಿಟ್ಟ ಮೇಲೆ ದಕ್ಷಿಣ ಭಾರತದಲ್ಲಿ ಅದರ ಕಾಟ ತಗ್ಗಿತು. ಕಾಂಗ್ರೆಸ್ ಕಸ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಅಮೆರಿಕದ ಗೋಧಿ ಚೀಲದ ಜೊತಿ ಬಂತು ಅಂತ ಮಂದಿ ಹೇಳ್ತಾರ.

ಇವೆಲ್ಲಕ್ಕಿಂತ ದೊಡ್ಡದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿ, ತವರು ಅಮೆರಿಕ ಖಂಡ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ಜಮೈಕಾದಿಂದ ಬೀಜ ತರಿಸಿ ಕಡಪಾ ಸೀಮೆಯಲ್ಲಿ ಬೆಳೆಸಿತು. ಉದ್ದೇಶ ಒಳ್ಳೇದೇ: ಒಣ ನೆಲಕ್ಕೆ ಹಸಿರು, ಒಲೆಗೆ ಸೌದೆ. ಇದರ ಎಲಿ ಆಡು ತಿನ್ನಂಗಿಲ್ಲ, ಸಿಹಿ ಕಾಯಿ ಮಾತ್ರ ತಿಂತಾವ. ಬೀಜ ಹೊಟ್ಟಿಯೊಳಗಿಂದ ಹಾಂಗೇ ಹೊರಗ ಬಿದ್ದು, ಹಿಕ್ಕಿಯ ಗೊಬ್ಬರದಾಗೇ ಮೊಳಿತದ. ಅಂದ್ರ ಬಿತ್ತೋ ಕೆಲಸ ನಮ್ಮ ಆಡುಗಳದ್ದೇ! ಗಾಯರಾಣ "ಬಂಜರ" ಅಂತ ಬರಕೊಂಡ ಮ್ಯಾಲ ಅದನ್ನ ತುಂಬಲಿಕ್ಕೆ ಇದಕ್ಕಿಂತ ಜೋರು ಗಿಡ ಸಿಗ್ತಿರಲಿಲ್ಲ. ಅದು ಬಂದಲ್ಲಿ ಹುಲ್ಲು ಹೋತು, ಹುಲ್ಲಿನ ಜೊತಿ ದೇವಣಿ ಹಿಂಡಿನ ಮೇವು ಹೋತು.

ಆದ್ರ ಪೂರಾ ಖಳನಾಯಕ ಮಾಡಬ್ಯಾಡ್ರಿ. ಗ್ಯಾಸ್ ಸಿಲಿಂಡರ್ ತುಂಬಿಸಲಿಕ್ಕೆ ರೊಕ್ಕ ಇಲ್ಲದ ಮನಿಗಳ ಒಲಿ ಇವತ್ತೂ ಇದರಿಂದಲೇ ಉರೀತದ. ಇದ್ದಲಿ ಸುಟ್ಟು ಬದುಕೋರು ಅವ್ರ. ಬೇರು ಸಮೇತ ಕಿತ್ತು ಹಾಕ್ರಿ ಅನ್ನೋರು ಮೊದಲು ಆ ಒಲಿಗೆ ಏನು ಕೊಡ್ತೀರಿ ಅಂತ ಹೇಳ್ರಿ.

ಪೋಸ್ಟ್ 9

ಕೊನೇದು. ನಮ್ಮ ಆಯಿ.

1972ರ ಬರದಾಗ ಆಯಿ ಹೊಸದಾಗಿ ಲಗ್ನ ಆಗಿ ಬಂದಾಕಿ. ಕಾಮಗಾರಿಯಾಗ ಕಲ್ಲು ಒಡದಾಳ. ಅಮೆರಿಕದಿಂದ ಬಂದ ಕೆಂಪು ಜೋಳ, ಮಿಲೋ ಅಂತಿದ್ರು, ಅದರ ರೊಟ್ಟಿ ಗಂಟಲಾಗ ಇಳೀತಿರಲಿಲ್ಲ ಅಂತಾಳ. "ಜೊತಿಗೆ ಏನು ತಿಂತಿದ್ರಿ ಆಯಿ?" ಅಂದೆ. "ತಪ್ಪಲ" ಅಂದ್ಳು, ಇಷ್ಟೇ. ಯಾವ ತಪ್ಪಲ ಅಂತ ಕೇಳಿದ್ಮ್ಯಾಲ ಬೆರಳು ಮಡಚಲಿಕ್ಕೆ ಶುರು ಮಾಡಿದ್ಳು: ತಗಚಿ, ಗೋಣಿ, ಕಿರಕಸಾಲಿ, ಹತ್ತರಕಿ, ಹೊನಗನ್ನಿ. ಒಂದು ಕೈ ಮುಗೀತು, ಎರಡನೇ ಕೈಗೆ ಹೋದ್ಳು.

ಇದರೊಳಗ ಒಂದು ಲೆಕ್ಕ ಅದ. ಬರ ಅಂದ್ರ ಒಂದು ಹನಿನೂ ಬೀಳದ ವರ್ಷ ಅಲ್ಲ. ಒಂದೆರಡು ಮಳಿ ಬೀಳ್ತದ, ಆಮ್ಯಾಲ ನಿಲ್ತದ. ಜೋಳಕ್ಕ ಮೂರ್ನಾಲ್ಕು ತಿಂಗಳ ಹಸಿ ಬೇಕು, ತಗಚಿಗೆ ಎರಡು ವಾರ ಸಾಕು. ಬೆಳಿ ಸತ್ತ ಹೊಲದಾಗ ಕಳೆ ಬದುಕಿರ್ತದ. ಕಳೆ ಅನ್ನೋ ಹೆಸರು ಒಳ್ಳೆ ವರ್ಷದ್ದು, ಕೆಟ್ಟ ವರ್ಷ ಅದಕ್ಕೇ ಪಲ್ಯ ಅಂತಾರ. ಮತ್ತ ಆಯಿ ಇನ್ನೊಂದು ಹೇಳಿದ್ಳು: ಮಳಿ ಇಲ್ಲದ ಬಾಡಿದ ಎಳೆ ಜೋಳ ಎತ್ತಿಗೆ ಹಾಕಬಾರದು, ಸಾಯ್ತಾವ. ನಾನು ಹುಡುಕಿ ನೋಡಿದೆ, ಖರೆ. ಬಾಡಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಸೇರಿಕೊಂಡಿರುತ್ತದೆ. ಸಾಲಿ ಮೆಟ್ಟಿಲು ಹತ್ತದ ಆಯಿಗೆ ಇದು ಗೊತ್ತು, ಕಾಲೇಜಿಗೆ ಹೋಗೋ ನನಗ ಗೊತ್ತಿರಲಿಲ್ಲ.

ಜಹೀರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ದಲಿತ ಹೆಣ್ಣುಮಕ್ಕಳ ಸಂಘಗಳು ಇಂಥ ಬಿತ್ತದೆ ಬೆಳೆಯುವ ಸೊಪ್ಪುಗಳ ಜ್ಞಾನವನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿವೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಅವರ ಸಂಸ್ಥೆ, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಗಡಿಯ ಈ ಕಡೆ, ಅದೇ ಮಣ್ಣಿನ ಮ್ಯಾಲ, ನನ್ನ ಕೈಯಾಗ ಇರೋದು ಆಯಿಯ ಎರಡು ಕೈ ಬೆರಳು, ಅದರಾಗ ನಾಲ್ಕು ಹೆಸರಿನ ಗಿಡ ನಾನು ಇನ್ನೂ ಕಣ್ಣಿಲೇ ನೋಡಿಲ್ಲ.

ಒಂದು ಮಾತು, ದಯವಿಟ್ಟು: ಈ ಪೋಸ್ಟ್ ನೋಡಿ ರಸ್ತಿ ಬದಿಯ ಸೊಪ್ಪು ಕಿತ್ತು ತಿನ್ನಬ್ಯಾಡ್ರಿ. ಎಕ್ಕಿ, ಉಮ್ಮತ್ತಿನೂ ಅಲ್ಲೇ ಬೆಳೀತಾವ. ಮನ್ಯಾಗ ಆಯಿನೋ ಅವ್ವನೋ ಇದ್ರ ಅವರನ್ನ ಕರಕೊಂಡು ಹೊಲಕ್ಕ ಹೋಗ್ರಿ. ಅವರು ಹೇಳಿದ ಹೆಸರನ್ನ ಅವರು ಹೇಳಿದಂಗೇ, ಮರಾಠಿ ಇರಲಿ, ದಖನಿ ಇರಲಿ, ತೆಲುಗು ಇರಲಿ, ಕಮೆಂಟಿನಾಗ ಬರೀರಿ. ಊರ ಹೆಸರೂ ಹಾಕ್ರಿ.

ಈ ಪೋಸ್ಟಿಗೆ ಮೊದಲು ಎರಡು ಫೋಟೋ ಇದ್ದುವು. ಹಾಕೋ ಮುಂಚೆ ಆಯಿಗೆ ತೋರಿಸಿದೆ. ಮೊಬೈಲ್ ದೂರ ಹಿಡದು, ಕಣ್ಣು ಸಣ್ಣ ಮಾಡಿ ನೋಡಿ, "ಇದು ತಗಚಿ, ಹೌದು. ಇದು ಹತ್ತರಕಿ ಅಲ್ಲವ್ವ, ಅದರ ಬಾಜೂಕಿನದು" ಅಂದ್ಳು. ಎರಡನೇದು ತೆಗೆದು ಹಾಕೀನಿ. ಸರಿಯಾದದ್ದು ಮಳಿ ಬಿದ್ದ ಮ್ಯಾಲ.

#ಬೀದರ್ #ಭಾಲ್ಕಿ #ಔರಾದ್ #ಬನ್ನಿ #ತಂಗಡಿ #ಆಯಿಹೇಳಿದ್ದು